ನಾಲಿಗಿ ಕೇಳಿದ್ದು, ಹೊಟ್ಟಿ ಕೇಳಿದ್ದು

ನಮ್ಮವ್ವ ಫೋನ್ ಮಾಡಿದ್ರೆ "ಹೆಂಗದೀಯಪ್ಪ" ಅಂತ ಕೇಳೋದಿಲ್ಲ. "ಏನು ಉಂಡಿ?" ಅಂತ ಕೇಳ್ತಾಳೆ. ಉತ್ತರ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರ್ತಾಳೆ. ಇದು ಬರೀ ರೂಢಿಯ ಮಾತು ಅಂತ ನಾನು ಬಹಳ ವರ್ಷ ಅಂದ್ಕೊಂಡಿದ್ದೆ. ಆ ಸುಮ್ಮನಿರೋ ಹೊತ್ತಿನಲ್ಲಿ ಆಕೆ ಲೆಕ್ಕ ಹಾಕ್ತಿರ್ತಾಳೆ ಅಂತ ತಿಳಿದದ್ದು ಇತ್ತೀಚೆಗೆ. "ಬ್ರೆಡ್ ತಿಂದೆ" ಅಂದ್ರೆ ಸೊಸೆ ತವರುಮನೆಗೆ ಹೋಗ್ಯಾಳ ಅಂತ ಅರ್ಥ. "ಹಸಿವಿಲ್ಲ" ಅಂದ್ರೆ ಆಫೀಸಿನಾಗ ಏನೋ ನಡೆದೈತಿ. "ಆಮೇಲೆ ಉಣ್ತೀನಿ" ಅಂದ್ರೆ ಉಣ್ಣೋದೇ ಇಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟ ಹೆಣ್ಮಗಳು ನೂರಾರು ಕಿಲೋಮೀಟರ್ ದೂರ ಕೂತು, ಒಂದು ಪ್ರಶ್ನೆಯಲ್ಲಿ ನನ್ನ ಇಡೀ ದಿನದ ವರದಿ ತಗೊಂಡುಬಿಡ್ತಾಳೆ.

ನಮ್ಮೂರು ಬಾಗಲವಾಡ. ರಾಯಚೂರಿಂದ ಸಿರವಾರ ದಾಟಿ ಕವಿತಾಳದ ಕಡೆ ಹೋಗೋ ಸೀಮೆ. ಎರೆಭೂಮಿ. ಹತ್ತಿ, ತೊಗರಿ, ಹಿಂಗಾರಿಗೆ ಬಿಳಿಜೋಳ. ರಾಯಚೂರಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದವನು ನಾನು. ಹನ್ನೊಂದು ವರ್ಷ ಆಯ್ತು ಇಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡು. ಸರ್ವರ್‌ಗಳು ಬೀಳದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ. ಯಾವ ಮೆಷಿನ್ ಎಷ್ಟು ಬಿಸಿ ಆಯ್ತು, ಯಾವುದರ ಮೆಮೊರಿ ತುಂಬ್ತು, ಯಾವುದು ನಿಧಾನ ಆಯ್ತು, ಎಲ್ಲಕ್ಕೂ ಅಲಾರ್ಮ್ ಇಟ್ಟಿದ್ದೀವಿ. ಶೇಕಡ 80 ದಾಟಿದರೆ ಹಳದಿ, 90 ದಾಟಿದರೆ ಕೆಂಪು. ಹಳದಿ ಬಂದಾಗಲೇ ಎದ್ದು ನೋಡಬೇಕು, ಕೆಂಪಿಗೆ ಕಾಯಬಾರದು ಅಂತ ಹೊಸ ಹುಡುಗರಿಗೆ ನಾನೇ ಪಾಠ ಮಾಡ್ತೀನಿ.

ಈ ಪಾಠ ಮಾಡೋ ಮನುಷ್ಯನ ಎದೆ ಆರು ತಿಂಗಳಿಂದ ಉರೀತಿತ್ತು.

ರಾತ್ರಿ ಹನ್ನೆರಡಕ್ಕೆ ಊಟ, ಎರಡಕ್ಕೆ ಕಾಫಿ, ಬೆಳಿಗ್ಗೆ ಏನಿಲ್ಲ. ಮಧ್ಯಾಹ್ನ ಮೀಟಿಂಗಿನ ನಡುವೆ ಡಬ್ಬಿಯಲ್ಲಿ ಬಂದ ಬಿರಿಯಾನಿ. ಗಂಟಲಿಗೆ ಹುಳಿ ಬಂದಾಗ ಒಂದು ಮಾತ್ರೆ ಚೀಪೋದು. ಮಾತ್ರೆಯ ಪಟ್ಟಿ ಮೊದಲು ಮನೆಯಲ್ಲಿತ್ತು, ಆಮೇಲೆ ಬ್ಯಾಗಿಗೆ ಬಂತು, ಕೊನೆಗೆ ಅಂಗಿ ಜೇಬಿಗೆ. ಇದು 2023ರ ಮಾತು. ವಿಶ್ವಸಂಸ್ಥೆ ಆ ವರ್ಷವನ್ನು ಸಿರಿಧಾನ್ಯದ ವರ್ಷ ಅಂತ ಘೋಷಿಸಿತ್ತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಅದಕ್ಕೇ ಒಂದು ಕೌಂಟರ್ ತೆರೆದು ಮೇಲೆ ಜೋಳದ ತೆನೆಯ ಚಿತ್ರ ಹಾಕಿದ್ದರು. ನಾನು ಆ ಚಿತ್ರದ ಕೆಳಗೇ ನಿಂತು ಪಿಜ್ಜಾ ತಿಂದವನು.

ಅದೇ ಹೊತ್ತಿಗೆ ಕಂಪನಿಯವರು ಒಂದು ಆನ್‌ಲೈನ್ ತರಗತಿ ಇಟ್ಟರು. "ನಿಮ್ಮ ದೇಹ ಹೇಳೋದನ್ನು ಕೇಳಿಸಿಕೊಳ್ಳಿ" ಅನ್ನೋದು ವಿಷಯ. ನಾನು ವಿಡಿಯೊ ಆಫ್ ಮಾಡಿ, ಧ್ವನಿ ಸಣ್ಣಗೆ ಮಾಡಿ, ಪಕ್ಕದ ಪರದೆಯಲ್ಲಿ ಬಗ್ ಹುಡುಕ್ತಾ ಕೂತಿದ್ದೆ. ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂತ ಆಕೆ ಹೇಳಿದಾಗ ನಾನು ಕಣ್ಣು ತೆರೆದು ಲಾಗ್ ಗಮನಿಸ್ತಿದ್ದೆ. ಕೊನೆಗೆ "ತುಂಬಾ ಉಪಯುಕ್ತವಾಗಿತ್ತು" ಅಂತ ಐದು ನಕ್ಷತ್ರ ಒತ್ತಿದೆ.

ಆಮೇಲೆ ಹದಿನೈದು ದಿನಕ್ಕೆ, ಒಂದು ರಾತ್ರಿ ಎರಡೂವರೆಗೆ, ಎದೆಯ ನಡುವೆ ಯಾರೋ ಮೊಣಕಾಲು ಊರಿ ಕೂತಂಗಾಯ್ತು. ಬೆವರು. ಹೆಂಡತಿ ಏನೂ ಮಾತಾಡಲಿಲ್ಲ. ಮಗಳನ್ನು ಎತ್ತಿ ಪಕ್ಕದ ಮನೆಯವರಿಗೆ ಕೊಟ್ಟು ಆಟೊ ಕರೆದಳು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತಗೊಂಡರು, ಮೂರು ಗಂಟೆ ಬಿಟ್ಟು ಮತ್ತೆ ತಗೊಂಡರು. ಹೃದಯಕ್ಕೆ ಏನೂ ಆಗಿರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿ ನನಗಿಂತ ಚಿಕ್ಕವಳು. "ಸರ್, ಇದು ಹೊಟ್ಟೆಯದು. ಆದರೆ ನೀವು ಬಂದಿದ್ದು ಒಳ್ಳೇದಾಯ್ತು. ಹೊಟ್ಟೆಯದೋ ಎದೆಯದೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋದಲ್ಲ" ಅಂದಳು. ಬೆಳಿಗ್ಗೆ ಊಟಕ್ಕೆ ಮುಂಚೆ ನುಂಗೋ ಮಾತ್ರೆ ಬರೆದಳು. ಕಾಫಿ, ಖಾರ, ರಾತ್ರಿ ಊಟ ಮಾಡಿ ತಕ್ಷಣ ಮಲಗೋದು, ಮೂರಕ್ಕೂ ಗೆರೆ ಹಾಕಿದಳು. ನಾನು ತಲೆ ಆಡಿಸಿದೆ. ಹೊರಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಕೇಳಿದಳು: "ರೀ, ಎಷ್ಟು ದಿನದಿಂದ ಉರೀತಿತ್ತು?" ಆರು ತಿಂಗಳು ಅಂತ ಹೇಳೋಕೆ ನಾಚಿಕೆ ಆಯ್ತು. ನಮ್ಮ ಕೆಲಸದ ಭಾಷೆಯಲ್ಲಿ ಅದು ಆರು ತಿಂಗಳ ಹಳದಿ ದೀಪ.

ಒಂದು ವಾರ ಮನೆಯಿಂದ ಕೆಲಸ. ಏನು ತಿಂದರೂ ರುಚಿ ಇಲ್ಲ. ಆಗ ನಮ್ಮ ಟೀಮಿನ ಇನ್ನೊಬ್ಬನ ಜೊತೆ ಮಾತು ನಡೀತು. ಅವನು ಉತ್ತರ ನೈಜೀರಿಯಾದ ಕಾನೊ ಊರಿನವ, ಈಗ ಲಂಡನ್ನಿನಲ್ಲಿದ್ದಾನೆ. ನಮ್ಮಿಬ್ಬರ ಪಾಳಿ ದಿನಕ್ಕೆ ಅರ್ಧ ಗಂಟೆ ಕೂಡುತ್ತೆ, ಅಷ್ಟೇ ಪರಿಚಯ. ನನ್ನ ಆರೋಗ್ಯ ಕೇಳಿ ಅವನು, "ನಮ್ಮಲ್ಲಿ ಮೈಗೆ ಹುಷಾರಿಲ್ಲ ಅಂದ್ರೆ, ಮನಸ್ಸಿಗೆ ಹುಷಾರಿಲ್ಲ ಅಂದ್ರೂ, ಅಮ್ಮ ಮಾಡೋ ಸೂಪ್ ಕುಡಿತೀವಿ" ಅಂದ. ಅವತ್ತು ರಾತ್ರಿ ಒಂದು ಫೋಟೊ ಕಳಿಸಿದ. ತಟ್ಟೆಯಲ್ಲಿ ಒಂದು ದುಂಡನೆ ಬೂದು ಬಣ್ಣದ ಮುದ್ದೆ. ಪಕ್ಕದ ಬಟ್ಟಲಲ್ಲಿ ಹಸಿರು ಸೊಪ್ಪಿನ, ಗಟ್ಟಿಯಾದ, ಮೇಲೆ ಎಣ್ಣೆ ತೇಲೋ ಸಾರು. ಕೆಳಗೆ ಬರೆದಿದ್ದ: ತುವೊ ದಾವ, ಮಿಯಾನ್ ಯಾಕುವಾ.

ಆ ತಟ್ಟೆ ನೋಡಿ ನನ್ನ ಬಾಯಲ್ಲಿ ನೀರು ಬಂತು. ಅವನ ಊರು ನಾನು ನೋಡಿಲ್ಲ, ಅವನ ಭಾಷೆ ನನಗೆ ಬರಲ್ಲ, ಆದರೆ ಆ ಊಟ ನನಗೆ ಗೊತ್ತು. ಅದು ಜೋಳದ ಸಂಗಟಿ, ಪುಂಡಿಪಲ್ಲೆ.

ಸುಮ್ಮನೆ ಹಂಗ ಕಾಣಿಸ್ತು ಅಂತ ಹೇಳ್ತಿಲ್ಲ. ಆಮೇಲೆ ಕೂತು ಓದಿದೆ. ಹೌಸಾ ಭಾಷೆಯಲ್ಲಿ ದಾವ ಅಂದರೆ ಜೋಳ. ಆ ಹಿಟ್ಟನ್ನು ಕುದಿಯೋ ನೀರಿಗೆ ಹಾಕಿ ಕೋಲಿನಿಂದ ತಿರುವಿ ಮುದ್ದೆ ಮಾಡಿದ್ದು ತುವೊ. ಮಿಯಾ ಅಂದರೆ ಸಾರು. ಯಾಕುವಾ ಅಂದರೆ ನಾವು ಪುಂಡಿ ಅನ್ನೋ, ತೆಲುಗಿನವರು ಗೋಂಗುರ, ಮರಾಠಿಯವರು ಅಂಬಾಡಿ ಅನ್ನೋ ಅದೇ ದಾಸವಾಳದ ಜಾತಿಯ ಹುಳಿ ಸೊಪ್ಪು. ಅವರು ಅದಕ್ಕೆ ಶೇಂಗಾ ಕುಟ್ಟಿ ಹಾಕ್ತಾರೆ, ಒಣಮೀನೋ ಮಾಂಸವೋ ಸೇರಿಸ್ತಾರೆ. ನಾವು ತೊಗರಿಬೇಳೆ, ಜೋಳದ ನುಚ್ಚು ಹಾಕಿ, ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಕೊಡ್ತೀವಿ. ಅದೇ ಗಿಡದ ಕೆಂಪು ಜಾತಿಯ ಹೂವಿನ ತೊಟ್ಟಿನಿಂದ ಅವರು ಜೋಬೊ ಅನ್ನೋ ಕೆಂಪು ಪಾನಕ ಮಾಡಿದರೆ, ನಮ್ಮ ಹಿರಿಯರು ಪುಂಡಿಯ ನಾರು ತೆಗೆದು ಎತ್ತಿಗೆ ಹಗ್ಗ ಹೊಸೆದರು. ಜೋಳ ಮೊದಲು ಬೆಳೆದದ್ದೇ ಆಫ್ರಿಕಾದಲ್ಲಿ. ಈಗಲೂ ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯೋ ದೇಶಗಳಲ್ಲಿ ನೈಜೀರಿಯಾ ಒಂದು. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಹೊರಟ ಕಾಳು ಕಡಲು ದಾಟಿ ಬಂದು ನಮ್ಮ ಎರೆಹೊಲದಲ್ಲಿ ಬೇರೂರಿ, "ಇದು ನಮ್ಮದೇ" ಅನ್ನೋ ಹಾಗೆ ಆಗಿದೆ. ಬಾಗಲವಾಡದ ನನ್ನ ಹೊಟ್ಟೆಗೂ ಕಾನೊದ ಅವನ ಹೊಟ್ಟೆಗೂ ಹಳೇ ನಂಟು.

ಆ ಖುಷಿಯಲ್ಲಿ ಅವ್ವಗೆ ಫೋನ್ ಹಚ್ಚಿದೆ. ಆಸ್ಪತ್ರೆಯ ಮಾತು ಅಲ್ಲಿಯವರೆಗೆ ಹೇಳಿರಲಿಲ್ಲ. "ಏನು ಉಂಡಿ?" ಅಂದಳು. ಹೇಳೋದು ಬಿಟ್ಟು, "ಅವ್ವಾ, ಪುಂಡಿಪಲ್ಲೆ ಹೆಂಗ ಮಾಡೋದು ಹೇಳು" ಅಂದೆ. ಸುಮ್ಮನಾದಳು. ಲೆಕ್ಕ ನಡೀತು.

"ಯಾಕಪ್ಪ, ಏನಾಗೈತಿ?"

ಹೇಳಲೇಬೇಕಾಯ್ತು. ಎಲ್ಲ ಕೇಳಿದಳು. ಬೈತಾಳೆ ಅಂದ್ಕೊಂಡಿದ್ದೆ, ಬೈಯಲಿಲ್ಲ. "ಹೊಟ್ಟಿ ಉರಿಯಾಕತ್ತೈತಿ ಅಂತಿ, ಪುಂಡಿ ಬೇಕಂತಿ. ಪುಂಡಿ ಕೇಳಾಕತ್ತಿದ್ದು ನಿನ್ನ ನಾಲಿಗಿ. ಹೊಟ್ಟಿ ಏನು ಕೇಳ್ತೈತಿ ಅಂತ ಕೇಳಿಯೇನು?" ಅಂದಳು.

ಐದು ನಕ್ಷತ್ರದ ತರಗತಿಯಲ್ಲಿ ಒಂದು ತಾಸು ಹೇಳಿದ್ದನ್ನು ಅವ್ವ ಒಂದು ಮಾತಿನಲ್ಲಿ ಮುಗಿಸಿದಳು. ನಾಲಿಗೆ ಕೇಳೋದು ಬೇರೆ, ಹೊಟ್ಟೆ ಕೇಳೋದು ಬೇರೆ. ನಾಲಿಗೆ ಗಟ್ಟಿಯಾಗಿ ಕೇಳುತ್ತೆ, ಈಗಲೇ ಬೇಕು ಅನ್ನುತ್ತೆ. ಹೊಟ್ಟೆ ಮೆತ್ತಗೆ ಹೇಳುತ್ತೆ. ಕೇಳಿಸಿಕೊಳ್ಳದಿದ್ದರೆ ಮತ್ತೊಮ್ಮೆ ಹೇಳುತ್ತೆ. ಆಮೇಲೆ ರಾತ್ರಿ ಎರಡೂವರೆಗೆ ಎಬ್ಬಿಸಿ ಹೇಳುತ್ತೆ.

"ಪುಂಡಿ ಹುಳಿ. ಈಗ ಉಂಡ್ರ ಉರಿ ಮ್ಯಾಲ ಉರಿ. ಎಂಟು ದಿನ ಅಂಬಲಿ ಕುಡಿ. ಡಾಕ್ಟ್ರು ಕೊಟ್ಟ ಗುಳಿಗಿ ಬಿಡಬ್ಯಾಡ. ಹೊಟ್ಟಿ ತಣ್ಣಗಾದ ಮ್ಯಾಲ ಪುಂಡಿ ಹೇಳ್ತೀನಿ."

ಅಂಬಲಿ ಮಾಡೋದು ಕಷ್ಟ ಅಲ್ಲ, ಆದರೆ ಮೊದಲ ದಿನ ನಾನು ಮಾಡಿದ್ದು ಗೋಂದು. ಕುದಿಯೋ ನೀರಿಗೆ ಒಣಹಿಟ್ಟು ಸುರಿದಿದ್ದೆ, ಗಂಟುಗಂಟಾಯ್ತು. ಎರಡು ಚಮಚ ಜೋಳದ ಹಿಟ್ಟನ್ನು ಮೊದಲು ಒಂದು ಬಟ್ಟಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯೋ ನೀರಿಗೆ ಸಣ್ಣ ಧಾರೆಯಲ್ಲಿ ಬಿಡಬೇಕು, ಕೈ ನಿಲ್ಲಿಸಬಾರದು. ಊರಲ್ಲಿ ಹಿಟ್ಟನ್ನು ರಾತ್ರಿಯೇ ನೆನೆಸಿ ಹುಳಿ ಬರಿಸ್ತಾರೆ. ನನಗೆ ಅದು ಬೇಡ ಅಂದಿದ್ದಳು. ಹಸಿ ವಾಸನೆ ಹೋಗಿ, ಬಣ್ಣ ಸ್ವಲ್ಪ ಹೊಳೆದು, ಚಮಚದ ಬೆನ್ನಿಗೆ ತೆಳ್ಳಗೆ ಅಂಟೋವರೆಗೆ ಕುದಿಸಿ, ಪೂರ್ತಿ ಆರಿದ ಮೇಲೆ ಹುಳಿ ಇಲ್ಲದ ತೆಳು ಮಜ್ಜಿಗೆ, ಉಪ್ಪು, ಚಿಟಿಕೆ ಜೀರಿಗೆ ಪುಡಿ. ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಒಂದು ಲೋಟ, ಸಂಜೆ ಆರಕ್ಕೆ ಒಂದು ಲೋಟ. ರಾತ್ರಿ ಎಂಟರೊಳಗೆ ಮೆತ್ತನೆಯ ನುಚ್ಚು, ಸಪ್ಪೆ ಬೇಳೆ. ನನ್ನ ಮಗಳು ಲೋಟಕ್ಕೆ ಬೆರಳದ್ದಿ ನೆಕ್ಕಿ, "ಅಪ್ಪ ಬಿಳಿ ಪೇಂಟ್ ಕುಡಿತಾನೆ" ಅಂತ ಹೇಳ್ಕೊಂಡು ತಿರುಗಿದಳು.

ನಾಲ್ಕನೇ ದಿನ ಬೆಳಿಗ್ಗೆ ಏಳುವಾಗ ಏನೋ ಕಡಿಮೆ ಆದಂಗನಿಸ್ತು. ಏನು ಅಂತ ಹಲ್ಲುಜ್ಜೋವರೆಗೆ ಗೊತ್ತಾಗಲಿಲ್ಲ. ಉರಿ ಇರಲಿಲ್ಲ. ಬಹಳ ದಿನದ ಮೇಲೆ ಹಸಿವಾಗಿತ್ತು. ಹಸಿವು ಅನ್ನೋದು ಇಷ್ಟು ಒಳ್ಳೆಯ ಸುದ್ದಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಂಬಲಿಯಿಂದಲೇ ಆಯ್ತು ಅಂತ ನಾನು ಹೇಳೋದಿಲ್ಲ. ಮಾತ್ರೆಯ ಪಾಲು ದೊಡ್ಡದು, ಕಾಫಿ ಬಿಟ್ಟದ್ದೂ, ಹೊತ್ತಿಗೆ ಸರಿಯಾಗಿ ಉಂಡದ್ದೂ ಸೇರಿತ್ತು. ಆದರೆ ದಿನಕ್ಕೆ ಎರಡು ಸಲ ಒಲೆ ಮುಂದೆ ಹತ್ತು ನಿಮಿಷ ಕೈ ನಿಲ್ಲಿಸದೆ ತಿರುವೋ ಕೆಲಸ, ಫೋನ್ ಮುಟ್ಟಲಾಗದ ಆ ಹತ್ತು ನಿಮಿಷ, ಅದರಲ್ಲಿ ನನ್ನ ಹೊಟ್ಟೆಯ ಸದ್ದು ನನಗೇ ಕೇಳೋಕೆ ಶುರುವಾಯ್ತು.

ಎಂಟು ದಿನ ಅಂದಿದ್ದು ಹದಿನೈದಾಯ್ತು. ಒಂದು ಭಾನುವಾರ ಮಾರತಹಳ್ಳಿ ಕಡೆ ಆಂಧ್ರದವರ ತರಕಾರಿ ಅಂಗಡಿಯಲ್ಲಿ ಗೋಂಗುರ ಅಂತ ಕೇಳಿ ಎರಡು ಕಟ್ಟು ಪುಂಡಿ ತಂದೆ. ಅವ್ವನನ್ನು ಸ್ಪೀಕರಿಗೆ ಹಾಕಿ, ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದೆ.

"ಎಲಿ ಒಂದೊಂದ ಬಿಡಿಸ್ಕ್ಯ. ದೇಟು ಹಾಕಬ್ಯಾಡ. ಮೂರ್ನಾಕು ನೀರಾಗ ತೊಳಿ, ಮಣ್ಣು ಇರ್ತೈತಿ." ಬಿಡಿಸಿದೆ. ತೊಳೆದೆ. "ಎಲಿ ಬ್ಯಾರೆ ಕುದಸು. ಹಸರು ಹೋಗಿ ಕಂದು ಬಣ್ಣ ಆಗ್ತೈತಿ. ಆ ನೀರು ಚೆಲ್ಲು, ನಿನ್ನ ಹೊಟ್ಟಿಗೆ ಅಷ್ಟು ಹುಳಿ ಬ್ಯಾಡ." ಚೆಲ್ಲಿದೆ. "ಈಗ ತೊಗರಿಬ್ಯಾಳಿ ಒಂದು ಹಿಡಿ ಬದ್ಲಿ ಎರಡು ಹಿಡಿ ಹಾಕು. ಜ್ವಾಳದ ನುಚ್ಚು ಒಂದು ಹಿಡಿ." ಇಲ್ಲಿ ಅವ್ವ ನಿಂತಳು. ಉಸಿರು ತಗೊಂಡಳು. "ಬ್ಯಾಳಿ, ನುಚ್ಚು ಮೆತ್ತಗ ಬೆಂದ ಮ್ಯಾಲ..." ಮತ್ತೆ ನಿಂತಳು. "ಎಲಿ ಕೂಡಿಸು. ಹಸಿಮೆಣಸಿನಕಾಯಿ ಎರಡ ಹಾಕು. ನಾನು ಹತ್ತು ಹಾಕ್ತೀನಿ, ನೀ ಎರಡ ಹಾಕು." ಮತ್ತೆ ಉಸಿರು.

ಹದಿನೈದು ದಿನ ನನ್ನ ಒಳಗಿನ ಸದ್ದು ಕೇಳಿ ಕೇಳಿ ನನ್ನ ಕಿವಿ ಸ್ವಲ್ಪ ಚುರುಕಾಗಿತ್ತೇನೋ. ಕಡಗೋಲಿನಿಂದ ಕಟೀತಾ ಇದ್ದವನು ಕೈ ನಿಲ್ಲಿಸಿದೆ.

"ಅವ್ವಾ, ಎಲ್ಲಿದ್ದಿ? ಏನು ಎತ್ತಾಕತ್ತಿಯೇನು?"

"ಏನಿಲ್ಲಪ್ಪ. ಕುಂತೀನಿ."

"ಕುಂತ್ರ ಯಾಕ ತೇಕಾಕತ್ತಿ?"

"ಜರಾ ದಣಿವು. ವಯಸ್ಸಾತಲ್ಲ. ಬಳ್ಳೊಳ್ಳಿ ಜಜ್ಜಿಯೇನು?"

ಬೆಳ್ಳುಳ್ಳಿ ಜಜ್ಜಿದೆ. ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಹುರಿದೆ, ಪಲ್ಲೆಯ ಮೇಲೆ ಸುರಿದೆ. ಚುರ್ ಅಂತು. ಇಡೀ ಮನೆ ಬಾಗಲವಾಡದ ಅಡುಗೆಮನೆಯ ವಾಸನೆ ಆಯ್ತು. ಹೆಂಡತಿ ಮೈಸೂರು ಕಡೆಯವಳು, ಪುಂಡಿ ಅಂದ್ರೆ ಮೂಗು ಮುರಿಯೋಳು, ಅವಳೇ ಎರಡನೇ ಸಲ ಬಡಿಸಿಕೊಂಡಳು. ಸಂಗಟಿ ಮುರಿದು ಪಲ್ಲೆಯಲ್ಲಿ ಅದ್ದಿ ಬಾಯಿಗಿಟ್ಟಾಗ ನನಗೆ ನಿಜಕ್ಕೂ ಕಣ್ಣೀರು ಬಂತು. ಆದರೆ ತಲೆಯಲ್ಲಿ ಆ ಉಸಿರು ಕೂತಿತ್ತು. ಮೂರು ಮಾತಿಗೊಮ್ಮೆ ನಿಂತ ಉಸಿರು.

ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ನಸುಕಿನಲ್ಲಿ ರಾಯಚೂರಿಗೆ ಇಳಿದೆ. ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸ್ತಾ ಕೂತಿದ್ದಳು. ಒಂದು ಹಿಡಿ ಆರಿಸೋದು, ನಾಲ್ಕು ಕಾಳು ಬಾಯಿಗೆ ಹಾಕ್ಕೊಳ್ಳೋದು. ಇದು ನನಗೆ ಹೊಸದಲ್ಲ. ವರ್ಷಗಳಿಂದ ಅವ್ವ ಹಸಿ ಅಕ್ಕಿ ಜಗೀತಾಳೆ. ನಾವೆಲ್ಲ ನಗ್ತಿದ್ದೆವು. "ನಮ್ಮವ್ವಗ ಅಕ್ಕಿ ಚೀಲದ ಮುಂದ ಕುಂದ್ರಸಬ್ಯಾಡ್ರಿ, ಇಲಿಗಿಂತ ಜಾಸ್ತಿ ತಿಂತಾಳ" ಅಂತ ಅಪ್ಪನೂ ನಗ್ತಿದ್ದ. ಅವತ್ತು ಬೆಳಕಿನಲ್ಲಿ ಆಕೆಯ ಮುಖ ನೋಡಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ, ಕಾಗದದ ಹಾಗೆ ಬಿಳಿ.

ರಾಯಚೂರಿಗೆ ಕರಕೊಂಡು ಹೋದೆ. ಹಿಮೋಗ್ಲೋಬಿನ್ 6.8. ಹೆಣ್ಮಕ್ಕಳಿಗೆ 12 ಇರಬೇಕು. "ಇವರು ನಡೆದುಕೊಂಡು ಬಂದ್ರಾ?" ಅಂತ ಡಾಕ್ಟರ್ ಕೇಳಿದರು. ಹೌದು, ನಡೆದುಕೊಂಡೇ ಬಂದಿದ್ದಳು, ಕೈಯಲ್ಲಿ ನನಗೆ ಅಂತ ರೊಟ್ಟಿಯ ಗಂಟು ಹಿಡ್ಕೊಂಡು.

ಆಮೇಲೆ ಡಾಕ್ಟರ್ ಒಂದೊಂದೇ ಪ್ರಶ್ನೆ ಕೇಳಿದರು. ಉತ್ತರ ಕೇಳ್ತಾ ನಾನು ಗೋಡೆಗೆ ಆನಿಕೊಂಡೆ. ಮೊಣಕಾಲು ನೋವಿಗೆ ಏನು ತಗೋತೀರಮ್ಮ? ಕಿರಾಣಿ ಅಂಗಡಿಯಲ್ಲಿ ಸಿಗೋ ನೋವಿನ ಗುಳಿಗಿ, ದಿನಕ್ಕೊಂದು, ಹತ್ತಿ ಬಿಡಿಸೋ ಕಾಲಕ್ಕೆ ಎರಡು. ಎಷ್ಟು ವರ್ಷದಿಂದ? ನಾಲ್ಕೈದು. ಊಟ ಆದ ಮೇಲೋ, ಮುಂಚೆಯೋ? ಚಹಾದ ಜೊತೆ, ಖಾಲಿ ಹೊಟ್ಟೆಗೆ. ಹೊಟ್ಟೆ ಉರಿಯಲ್ವಾ? ಅದೇನು ದೊಡ್ಡದಲ್ಲ. ಮಲ ಕಪ್ಪಗೆ, ಟಾರಿನ ಹಾಗೆ ಹೋಗ್ತದಾ? ಅವ್ವ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಮಗನ ಮುಂದೆ ಹೇಳೋ ಮಾತೇ ಅದು? ನಾನು ಹೊರಗೆ ಹೋದೆ.

ಎಂಡೋಸ್ಕೋಪಿಯಲ್ಲಿ ಹುಣ್ಣು ಸಿಕ್ತು. ನೋವಿನ ಮಾತ್ರೆಗಳು ವರ್ಷಗಟ್ಟಲೆ ಹೋಗಿ ಹೋಗಿ ಹೊಟ್ಟೆಯ ಒಳಪದರ ಸವೆಸಿದ್ದವು. ಅಲ್ಲಿಂದ ಹನಿಹನಿಯಾಗಿ ರಕ್ತ ಸೋರ್ತಿತ್ತು. ಕಪ್ಪು ಬಣ್ಣ ಅದೇ ರಕ್ತದ್ದು. ಹಸಿ ಅಕ್ಕಿಯ ಮಾತು ಹೇಳಿದಾಗ ಡಾಕ್ಟರ್ ನಗಲಿಲ್ಲ. ಮೈಯಲ್ಲಿ ಕಬ್ಬಿಣಾಂಶ ತೀರಾ ಕಡಿಮೆಯಾದವರಲ್ಲಿ ಹಸಿ ಅಕ್ಕಿ, ಮಣ್ಣು, ಸುಣ್ಣ, ಬಳಪ, ಮಂಜುಗಡ್ಡೆ ಇಂಥವುಗಳ ಆಸೆ ಹುಟ್ಟೋದು ಉಂಟು ಅಂದರು. ಅದಕ್ಕೊಂದು ವೈದ್ಯಕೀಯ ಹೆಸರೇ ಇದೆಯಂತೆ. ಅಕ್ಕಿಯಲ್ಲಿ ಆ ಕಬ್ಬಿಣ ಇಲ್ಲ. ಆದರೆ ದೇಹ ಏನೋ ಬೇಕು ಬೇಕು ಅಂತ ಕೇಳ್ತಾನೇ ಇತ್ತು. ನಾವು ಅದನ್ನು ಅವ್ವನ ಚಟ ಅಂದ್ವಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಅರ್ಧಕ್ಕಿಂತ ಜಾಸ್ತಿ. ಈ ಅಂಕಿ ನಾನು ಮೊದಲೂ ಎಲ್ಲೋ ಓದಿದ್ದೆ, ಮರೆತಿದ್ದೆ. 6.8 ಮರೆಯೋಕೆ ಆಗಲ್ಲ.

ಎರಡು ಬಾಟ್ಲಿ ರಕ್ತ ಏರಿಸಿದರು. ನಾನು ಮಂಚದ ಪಕ್ಕ ಕೂತು ನನ್ನ ಜೀವನದ ಊಟಗಳನ್ನೆಲ್ಲ ನೆನಪಿಸಿಕೊಂಡೆ. ಮೊದಲು ಅಪ್ಪ, ಆಮೇಲೆ ನಾವು ಮಕ್ಕಳು, ಆಮೇಲೆ ಅಜ್ಜಿ. ಪುಂಡಿಪಲ್ಲೆ ಮಾಡಿದ ದಿನ ಬೇಳೆ ಇರೋ ಗಟ್ಟಿ ಪಲ್ಲೆ ನಮಗೆ. ಬೋಗಾಣಿಯ ತಳಕ್ಕೆ ನೀರು ಹಾಕಿ ತೊಳೆದದ್ದು ಅವ್ವಗೆ. "ನನಗ ತಿಳುವ ಇಷ್ಟ" ಅಂತಿದ್ದಳು. ನಾವು ನಂಬಿದ್ವಿ. ಇಡೀ ಮನೆಯ ಹೊಟ್ಟೆಯ ಮಾತು ಕೇಳಿದ ಕಿವಿ ಆಕೆಯದು. ಯಾರಿಗೆ ಜ್ವರ ಬರೋದಿದೆ, ಯಾರು ಸಿಟ್ಟಿನಿಂದ ಉಂಡಿಲ್ಲ, ಯಾವ ಎಮ್ಮೆ ಮೇವು ಬಿಟ್ಟಿದೆ, ಎಲ್ಲ ಗೊತ್ತಾಗ್ತಿತ್ತು. ಆಕೆಯ ಹೊಟ್ಟೆಯ ಮಾತು ಮಾತ್ರ ಆಕೆ ಕೇಳಲಿಲ್ಲ. ಕೇಳಿದ್ದರೂ ಹೇಳಲಿಲ್ಲ. ಹೇಳೋಕೆ ಯಾರಾದರೂ ಕೇಳಬೇಕಿತ್ತಲ್ಲ? ಹನ್ನೊಂದು ವರ್ಷ ದಿನಾ ಫೋನಿನಲ್ಲಿ "ಏನು ಉಂಡಿ" ಅಂತ ಆಕೆ ಕೇಳಿದಳು, ನಾನು ಉತ್ತರ ಹೇಳಿ ಇಟ್ಟುಬಿಟ್ಟೆ. "ನೀ ಏನು ಉಂಡಿ?" ಅಂತ ತಿರುಗಿ ಕೇಳಿದ ನೆನಪು ನನಗಿಲ್ಲ.

ದೇಹದ ಮಾತು ಕೇಳು ಅಂತ ಹೇಳೋದು ಸುಲಭ. ಕೇಳೋಕೆ ಪುರುಸೊತ್ತು ಬೇಕು, ಕೇಳಿದ ಮೇಲೆ ಕೂರೋಕೆ ಜಾಗ ಬೇಕು. ಹತ್ತಿ ಬಿಡಿಸೋ ಕಾಲಕ್ಕೆ ಮೊಣಕಾಲಿನ ಮಾತು ಕೇಳ್ತಾ ಕೂತರೆ ಕೂಲಿ ಹೋಗುತ್ತೆ. ಆ ಗುಳಿಗಿ ಅವ್ವಗೆ ಔಷಧ ಆಗಿರಲಿಲ್ಲ, ಮೊಣಕಾಲಿನ ಬಾಯಿ ಮುಚ್ಚಿಸೋ ಉಪಾಯ ಆಗಿತ್ತು. ನನ್ನ ಜೇಬಿನ ಮಾತ್ರೆಯೂ ಅದೇ ಅಲ್ಲವೇ? ವ್ಯತ್ಯಾಸ ಇಷ್ಟೇ: ನನ್ನ ಎದೆ ಹಿಡಿದ ರಾತ್ರಿ ಪಕ್ಕದಲ್ಲಿ ಒಬ್ಬಳು ಎದ್ದು ಆಟೊ ಕರೆದಳು.

ಡಾಕ್ಟರ್ ಬಿಡಿಸಿ ಹೇಳಿದರು. ಅಂಗಡಿ ಗುಳಿಗಿ ಪೂರ್ತಿ ಬಂದ್. ಮೊಣಕಾಲಿಗೆ ಬೇರೆ ದಾರಿ ನೋಡೋಣ. ಹುಣ್ಣಿನ ಮಾತ್ರೆ, ಕಬ್ಬಿಣದ ಮಾತ್ರೆ ತಪ್ಪಿಸೋ ಹಾಗಿಲ್ಲ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. "ಪುಂಡಿಪಲ್ಲೆ ಉಂಡ್ರ ರಕ್ತ ಆಗ್ತೈತಿ ಅಂತಾರಲ್ರಿ ಸಾಹೇಬ್ರ?" ಅಂತ ಅವ್ವ ಕೇಳಿದಳು. "ಉಣ್ರಿ, ಸೊಪ್ಪು ಒಳ್ಳೇದು. ಆದ್ರ ಈಗ ಹುಣ್ಣು ಮಾಯಲಿ. ಮತ್ತ ಆರರಿಂದ ಹನ್ನೆರಡಕ್ಕ ಬರೀ ಸೊಪ್ಪಿನಿಂದ ಏರಾಕ ಆಗಲ್ಲಮ್ಮ, ಗುಳಿಗಿ ಬೇಕ" ಅಂದರು. ಅವ್ವ ನನ್ನ ಕಡೆ ನೋಡಿದಳು. ನಾನು ಸುಮ್ಮನಿರಲಾಗಲಿಲ್ಲ: "ಎಂಟು ದಿನ ಅಂಬಲಿ ಕುಡಿ. ಹೊಟ್ಟಿ ತಣ್ಣಗಾದ ಮ್ಯಾಲ ಪುಂಡಿ ಹೇಳ್ತೀನಿ." ಬಾಟ್ಲಿಯ ಸೂಜಿ ಚುಚ್ಚಿದ ಕೈ ಎತ್ತಿ ನನಗೆ ಹೊಡೆಯೋಕೆ ಬಂದಳು. ಬಹಳ ದಿನದ ಮೇಲೆ ನಕ್ಕಿದ್ದು.

ಮೂರು ತಿಂಗಳ ಮೇಲೆ ಮತ್ತೆ ಊರಿಗೆ ಹೋದಾಗ ಹಿಮೋಗ್ಲೋಬಿನ್ 10.9 ಆಗಿತ್ತು. ಅಕ್ಕಿ ಜಗಿಯೋದು ತಾನಾಗೇ ನಿಂತಿತ್ತು. "ಅಕ್ಕಿ ಯಾಕ ಒಲ್ಲಿ?" ಅಂದ್ರೆ "ಯಾಕೋ ಬ್ಯಾಡಂತೈತಿ" ಅಂದಳು. ಕೇಳೋದು ಮುಗಿದಿತ್ತು, ದೇಹ ಸುಮ್ಮನಾಗಿತ್ತು.

ಅವತ್ತು ಅಡುಗೆ ನನ್ನದು. ಹಿತ್ತಲಲ್ಲಿ ಪುಂಡಿ ಇತ್ತು. ಅವ್ವ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಆಡಳಿತ ಮಾಡಿದಳು. ಬೆಂಕಿ ಜಾಸ್ತಿ ಆಯ್ತು ಅಂದಳು, ನುಚ್ಚು ಕಡಿಮೆ ಆಯ್ತು ಅಂದಳು. ಅಪ್ಪ ಪಡಸಾಲೆಯಲ್ಲಿ ತಾಟಿಗೆ ಕಾಯ್ತಾ ಕೂತಿದ್ದ. ಪಲ್ಲೆ ಇಳಿಸಿ, ಒಗ್ಗರಣೆ ಕೊಟ್ಟು, ಬೇಳೆ ಇರೋ ಗಟ್ಟಿ ಪಲ್ಲೆ, ಬಿಸಿ ಸಂಗಟಿ, ಒಂದು ತುಂಡು ಉಳ್ಳಾಗಡ್ಡಿ ಒಂದು ತಾಟಿಗೆ ಹಾಕಿ ಅವ್ವನ ಮುಂದೆ ಇಟ್ಟೆ.

"ಮೊದ್ಲ ಅಪ್ಪಗ ಕೊಡು" ಅಂದಳು.

"ನೀ ಉಣ್ಣು."

"ಅವರು ಕಾಯಾಕತ್ಯಾರಲ್ಲ..."

ಪಡಸಾಲೆಯಿಂದ ಅಪ್ಪನ ದನಿ ಬಂತು: "ಉಣ್ಣವ್ವಾ ಉಣ್ಣು. ಮಗ ಮಾಡ್ಯಾನ, ವಿಷ ಗಿಷ ಹಾಕ್ಯಾನೇನು ಮೊದ್ಲ ನೀ ನೋಡಿ ಹೇಳು."

ಅವ್ವ ಒಂದು ತುತ್ತು ಮುರಿದಳು, ಪಲ್ಲೆಯಲ್ಲಿ ಅದ್ದಿದಳು, ಬಾಯಿಗಿಟ್ಟಳು. ನಾನು ಫೋನ್ ತೆಗೆದು ಆ ತಾಟಿನ ಫೋಟೊ ಹಿಡಿದು ಕಾನೊದವನಿಗೆ ಕಳಿಸಿದೆ. ಅವನು ತಕ್ಷಣ ಉತ್ತರ ಬರೆದ: "ಇದು ನಮ್ಮಮ್ಮನ ಅಡುಗೆಮನೆಯಾ?"

ಅವ್ವ ನಿಧಾನಕ್ಕೆ ಜಗಿದಳು. ಸುಮ್ಮನಾದಳು. ಲೆಕ್ಕ ನಡೀತು.

"ಉಪ್ಪು ಜರಾ ಕಡಿಮಿ ಆಗೈತಿ" ಅಂದಳು. ಆಮೇಲೆ ತಾನೇ ಸೌಟು ತಗೊಂಡು ಎರಡನೇ ಸಲ ಬಡಿಸಿಕೊಂಡಳು.